ಪದಚರ್ಚೆ: ‘ಚಿಪ್ಪಿಂಗ್’ ಅಂದರೆ ಚಕ್ಕೆಯೋ, ಹಕ್ಕಳೆಯೋ, ತರಚೋ?

ಪ್ರಶ್ನೆ

ನಮಸ್ಕಾರ. 1:35 ಅಳತೆಯ (ನಿಜದ್ದರ 35ನೇ ಒಂದು ಪಾಲು) ಸೇನಾ ಟ್ಯಾಂಕ್ ಮಾದರಿಗಳಿಗೆ ಬಣ್ಣ ಹಾಕುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮೂರು ಪದಗಳ ಬಳಿ ಕೆಲಸ ನಿಂತಿದೆ. ಕರಡಿನಲ್ಲಿ ‘ಚಿಪ್ಪಿಂಗ್’ಗೆ (ಬಣ್ಣ ಕಿತ್ತುಹೋದಂತೆ ತೋರಿಸುವುದು) ‘ಚಿಪ್ಪು ಏಳಿಸುವುದು’, ‘ವೆದರಿಂಗ್’ಗೆ (ಬಳಸಿ ಕೊಳೆಯಾದಂತೆ, ಬಣ್ಣ ಮಂಕಾದಂತೆ ತೋರಿಸುವುದು) ‘ಶಿಥಿಲೀಕರಣ’, ‘ವಾಶ್’ಗೆ (ಸಂದುಗಳಿಗೆ ಹರಿಸುವ ತೆಳು ಬಣ್ಣ) ‘ತೊಳೆತ’ ಎಂದಿದೆ. ಮೂರೂ ಕಿವಿಗೆ ಒಗ್ಗುತ್ತಿಲ್ಲ. ಮಾದರಿ ಕಟ್ಟುವವರು ಇಂಗ್ಲಿಷ್ ಪದಗಳನ್ನೇ ಆಡುತ್ತಾರೆ, ನಿಜ. ಆದರೆ ಮೊದಲ ಸಲ ಬ್ರಷ್ ಹಿಡಿದವರಿಗೆ ಪದ ಓದಿದೊಡನೆ ಕೈಗೇನು ಕೆಲಸ ಎಂದು ಹೊಳೆಯಬೇಕು. ತಿಳಿದವರು ಹೇಳಿ.

ಉತ್ತರ 1

‘ಚಿಪ್ಪು’ ಖಂಡಿತ ಬೇಡ. ಅದು ತೆಂಗಿನಕಾಯಿಯದು, ಆಮೆಯದು; ಒಳಗಿನದನ್ನು ಕಾಯುವ ಗಟ್ಟಿ ಹೊದಿಕೆ. ಇಂಗ್ಲಿಷಿನ ಸದ್ದಿಗೆ ಮರುಳಾಗಿ ನುಸುಳಿದ್ದು. ಹತ್ತಿರದ ಪದ ‘ಚಕ್ಕೆ’. ಮರ ಕಡಿಯುವಾಗ, ಕಲ್ಲು ಒಡೆಯುವಾಗ ಸಿಡಿಯುವ ತುಂಡು ಅದು. ‘ಬಣ್ಣ ಚಕ್ಕೆ ಎದ್ದಿದೆ’ ಎಂಬ ಮಾತೂ ಬಳಕೆಯಲ್ಲಿದೆ.

ಆದರೆ ಒಂದಕ್ಕೊಂದು ಪದ ಹುಡುಕಿ ಕೈತೊಳೆದುಕೊಂಡರೆ ನಷ್ಟ ಕೈಪಿಡಿಗೇ. ಟ್ಯಾಂಕಿನ ಮೈಯಿಂದ ಬಣ್ಣ ಹೋಗುವ ಬಗೆ ನಾಲ್ಕು. ನಾಲ್ಕಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತಿದೆ, ಮಾದರಿಯ ಮೇಲೆ ಅವನ್ನು ತೋರಿಸುವ ವಿಧಾನವೂ ಬೇರೆ ಬೇರೆ. ಇಂಗ್ಲಿಷ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದೆ ಎಂದು ನಾವೂ ತುಂಬಬೇಕಿಲ್ಲ.

ಪೆಟ್ಟು ಬಿದ್ದಲ್ಲಿ ಬಣ್ಣ ಚಕ್ಕೆ ಏಳುತ್ತದೆ: ಹ್ಯಾಚ್‌ನ (ಒಳಹೋಗುವ ಬಾಯಿಯ ಮುಚ್ಚಳ) ಅಂಚು, ಫೆಂಡರಿನ ಮೂಲೆ, ಸಲಕರಣೆ ಕಟ್ಟುವ ಕೊಂಡಿಗಳ ಸುತ್ತ. ಇದಕ್ಕೆ ಸ್ಪಂಜು ಸಾಕು. ತುಂಡನ್ನು ಕತ್ತರಿಯಿಂದ ಕತ್ತರಿಸಬಾರದು, ಕೈಯಿಂದಲೇ ಹರಿಯಬೇಕು. ಕತ್ತರಿಸಿದ ಅಂಚು ನೇರ ಗೆರೆ ಮೂಡಿಸಿ ಗುಟ್ಟು ಬಿಟ್ಟುಕೊಡುತ್ತದೆ. ಚಿಮುಟದಲ್ಲಿ ಹಿಡಿದು ಕಡುಕಂದು ಅಕ್ರಿಲಿಕ್‌ಗೆ ತಾಗಿಸಿ, ಕಾಗದದ ಮೇಲೆ ಒತ್ತುತ್ತಾ ಹೋಗಿ. ಅಲ್ಲಿ ಗುರುತು ಬೀಳುವುದು ನಿಲ್ಲುತ್ತ ಬಂದಾಗ ಮಾದರಿಗೆ ಮುಟ್ಟಿಸಿ. ಪ್ರತಿ ಒತ್ತಿಗೂ ಸ್ಪಂಜನ್ನು ಚೂರು ತಿರುಗಿಸದಿದ್ದರೆ ಒಂದೇ ಅಚ್ಚು ಸಾಲಾಗಿ ಬರುತ್ತದೆ. ಅಳತೆಯೂ ನೆನಪಿರಲಿ. 1:35ರಲ್ಲಿ 1 ಮಿ.ಮೀ. ಚಕ್ಕೆ ಎಂದರೆ ನಿಜದ ಟ್ಯಾಂಕಿನ ಮೇಲೆ 3.5 ಸೆಂ.ಮೀ., 1:72ರಲ್ಲಿ 7.2 ಸೆಂ.ಮೀ. ಅಂಥವು ಮೈತುಂಬ ಇದ್ದರೆ ಅದು ಟ್ಯಾಂಕಲ್ಲ, ಚುಕ್ಕೆ ಜಿಂಕೆ.

ಮರದ ಕೊಂಬೆ, ಬೂಟಿನ ಹಿಮ್ಮಡಿ ಉಜ್ಜಿಹೋದಲ್ಲಿ ಬಣ್ಣ ತರಚುತ್ತದೆ. ಈ ಪದವನ್ನು ಮಾತ್ರ ಬಿಟ್ಟುಕೊಡಬೇಡಿ. ಮೊಣಕಾಲು ತರಚಿತು ಎಂದರೆ ಮೇಲ್ಚರ್ಮ ಹೋಗಿದೆ, ಆಳದ ಗಾಯವಿಲ್ಲ. ಬಣ್ಣದಲ್ಲೂ ಹಾಗೇ: ಮೇಲ್ಪದರ ಮಾತ್ರ ಕೆರೆದಿದೆ, ಲೋಹ ಕಂಡಿಲ್ಲ. ಆದ್ದರಿಂದ ಮೊದಲ ಗೀರು ಮೂಲ ಬಣ್ಣಕ್ಕೆ ಸ್ವಲ್ಪ ಬಿಳಿಯನ್ನೋ ತಿಳಿಹಳದಿಯನ್ನೋ ಬೆರೆಸಿದ ತಿಳಿ ಛಾಯೆಯಲ್ಲಿ, ಸಪೂರ ಮೊನೆಯ ಬ್ರಷ್‌ನಿಂದ. ಲೋಹದವರೆಗೆ ಇಳಿದ ಕಡೆ ಮಾತ್ರ ಅದರ ನಡುವೆ ಕಡುಕಂದು ಎಳೆಯಿರಿ. ಕಂದಿನ ಸುತ್ತ ತಿಳಿ ಅಂಚು ಕೂದಲೆಳೆಯಷ್ಟು ಉಳಿದರೂ ಸಾಕು, ಬಣ್ಣದ ಪದರಕ್ಕೆ ದಪ್ಪವಿದೆ ಎಂದು ಕಣ್ಣು ನಂಬುತ್ತದೆ. ಈ ಅಂಚಿಲ್ಲದ ಕಂದು ಗೀರು ಕೆಸರು ಸಿಡಿದಂತೆ ಕಾಣುತ್ತದೆ.

ಒಳಗಿನಿಂದ ತುಕ್ಕು ತಳ್ಳಿದಾಗ, ಅಥವಾ ಚಳಿಗಾಲಕ್ಕೆಂದು ಬಳಿದ ಬಿಳಿ ಬಣ್ಣ ಹಿಡಿತ ಕಳೆದುಕೊಂಡಾಗ ಏಳುವುದು ಹಕ್ಕಳೆ. ಗೋಡೆಯ ಸುಣ್ಣ ಹಕ್ಕಳೆ ಏಳುತ್ತದಲ್ಲ, ಅದೇ. ಇದಕ್ಕೆ ಹೇರ್‌ಸ್ಪ್ರೇ ವಿಧಾನ. ಕೆಳಗೆ ತುಕ್ಕು ಬಣ್ಣ, ಅದರ ಮೇಲೆ ವಾರ್ನಿಶ್, ಪೂರ್ತಿ ಒಣಗಲಿ. ಆಮೇಲೆ ಹೇರ್‌ಸ್ಪ್ರೇ ತೆಳುವಾಗಿ ಎರಡು ಸಲ. ಅದು ಒಣಗಿದ ಮೇಲೆ ಏರ್‌ಬ್ರಷ್‌ನಿಂದ ಮೇಲ್ಬಣ್ಣ, ಅದೂ ತೆಳುವಾಗಿ. ಮುಟ್ಟಿದರೆ ಅಂಟದಷ್ಟು ಒಣಗಿದಾಗ, ಅದೇ ದಿನ, ಅಂಗೈಯಗಲದ ಜಾಗಕ್ಕಿಂತ ಹೆಚ್ಚಿಗೆ ಕೈ ಹಾಕದೆ, ಉಗುರುಬೆಚ್ಚಗಿನ ನೀರು ಸವರಿ ಅರ್ಧ ನಿಮಿಷ ಬಿಡಿ. ನೀರು ಮೇಲ್ಬಣ್ಣದ ಮೂಲಕ ಇಳಿದು ಹೇರ್‌ಸ್ಪ್ರೇಯನ್ನು ಕರಗಿಸುತ್ತದೆ. ಬಿರುಸು ಕೂದಲಿನ ಗಿಡ್ಡ ಬ್ರಷ್‌ನಿಂದ ತಟ್ಟಿದರೆ ಹಕ್ಕಳೆ ಏಳುತ್ತದೆ.

ಕೆಡುವುದೆಲ್ಲ ಇಲ್ಲೇ. ಮೇಲ್ಬಣ್ಣವನ್ನು ಲ್ಯಾಕರ್ ಥಿನ್ನರ್‌ನಲ್ಲಿ ತೆಳುಮಾಡಿದ್ದರೆ ಪದರ ಗಟ್ಟಿಯಾಗಿ ಕಚ್ಚಿಕೊಂಡು ನೀರನ್ನು ಒಳಬಿಡುವುದಿಲ್ಲ. ನೀರಿನಲ್ಲೇ ತೆಳುಮಾಡುವುದು ಕ್ಷೇಮ. ದಪ್ಪ ಬಳಿದಿದ್ದರೆ ಚೂರು ಚೂರಾಗಿ ಏಳದೆ ಹಾಳೆಯಂತೆ ಸುಲಿದು ಬರುತ್ತದೆ. ಕೆಲವು ದಿನ ಬಿಟ್ಟು ಕೂತರೆ ನೀರಿಗೆ ಜಗ್ಗುವುದಿಲ್ಲ. ಹೇರ್‌ಸ್ಪ್ರೇ ಅತಿಯಾದರೆ ಮೇಲ್ಬಣ್ಣ ಬಿರುಕು ಬಿಡುತ್ತದೆ. ತೃಪ್ತಿಯಾದೊಡನೆ ಒಣಗಿಸಿ ವಾರ್ನಿಶ್ ಹೊಡೆಯಿರಿ, ಇಲ್ಲವಾದರೆ ಮುಂದಿನ ಹಂತದ ಒದ್ದೆ ಬ್ರಷ್ ತಾನಾಗಿ ಇನ್ನಷ್ಟು ಕೀಳುತ್ತದೆ.

ಉಳಿದದ್ದು ಸವೆತ. ಹಿಡಿಕೆ, ಹತ್ತುವ ಮೆಟ್ಟಿಲು, ಸ್ಪ್ರಾಕೆಟ್ಟಿನ (ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರ) ಹಲ್ಲು, ನೆಲ ಮುಟ್ಟುವ ಟ್ರ್ಯಾಕಿನ (ಚಕ್ರಗಳ ಸುತ್ತಲಿನ ಲೋಹದ ಪಟ್ಟಿ) ಮುಖ. ಸವಕಲು ನಾಣ್ಯಕ್ಕೆ ಹೇಗೆ ಚೂಪು ಅಂಚಿಲ್ಲವೋ ಇದಕ್ಕೂ ಇಲ್ಲ. ಪೆನ್ಸಿಲಿನ ಗ್ರಾಫೈಟ್ ಪುಡಿಯನ್ನು ಬೆರಳಲ್ಲಿ ಉಜ್ಜಿದರೆ ಮುಗಿಯಿತು. ಉಕ್ಕಿನ ಹೊಳಪು ಉಳಿಯುವುದು ಇಲ್ಲಿ ಮಾತ್ರ, ದಿನವೂ ಉಜ್ಜಾಟವಿರುವುದರಿಂದ. ಚಕ್ಕೆ ಎದ್ದ ಜಾಗದ ಉಕ್ಕು ಬೇಗ ಕಂದುತ್ತದೆ. ಎಲ್ಲ ಚಕ್ಕೆಗೂ ಬೆಳ್ಳಿ ಬಣ್ಣ ಹಚ್ಚುವುದು ಹೊಸಬರ ಸಾಮಾನ್ಯ ತಪ್ಪು.

ಉತ್ತರ 2

‘ಶಿಥಿಲೀಕರಣ’ವನ್ನು ಭೂಗೋಳದ ಪಾಠಕ್ಕೆ ಬಿಟ್ಟುಬಿಡಿ, ಬಂಡೆ ಪುಡಿಯಾಗುವುದಕ್ಕೆ ಅದು ಸರಿ. ಶಿಥಿಲ ಎಂದರೆ ಬೀಳಲಿಕ್ಕಾದದ್ದು. ‘ಹಳತಾಗಿಸುವುದು’ ಎಂದು ಯಾರಾದರೂ ಸೂಚಿಸಿಯಾರು. ಅದೂ ದಾರಿ ತಪ್ಪಿಸುತ್ತದೆ. ಕಾರ್ಖಾನೆ ಬಿಟ್ಟು ಎರಡೇ ವಾರ ಕಳೆದ ಟ್ಯಾಂಕಿನ ಮೇಲೆ ಧೂಳು, ಕೆಸರು, ಗೀರು ಎಲ್ಲ ಇರಬಹುದು, ಮುಪ್ಪು ಮಾತ್ರ ಇರುವುದಿಲ್ಲ. ‘ಹಳತು’ ಎಂದು ಓದಿದವರು ಅದಕ್ಕೂ ತುಕ್ಕು ಮೆತ್ತುತ್ತಾರೆ. ನನ್ನ ಮತ ‘ಮಾಸಲು’ ಪದಕ್ಕೆ. ಕೊಳೆಯಾದ ಬಟ್ಟೆಯೂ ಮಾಸಿದ್ದೇ, ಬಿಸಿಲಿಗೆ ಬಣ್ಣ ಹೋದದ್ದೂ ಮಾಸಿದ್ದೇ. ವೆದರಿಂಗ್‌ಗೆ ಈ ಎರಡೂ ಅರ್ಥ ಬೇಕು. ‘ಮಾಸಲು ಕೆಲಸ’ ಎಂದರೆ ಯಾರಿಗೂ ತೊಡಕಿಲ್ಲ.

ಮೇಲಿನ ಉತ್ತರಕ್ಕೆ ಎರಡು ಸೇರ್ಪಡೆ. ಸೈನಿಕರನ್ನು ಸಾಗಿಸುವ ಅಮೆರಿಕದ ಎಂ113ರಂಥ ವಾಹನದ ಮೈ ಅಲ್ಯೂಮಿನಿಯಂ. ಅಲ್ಲಿ ಕಂದು ಚಕ್ಕೆ ತಪ್ಪು, ಮಂಕು ಬೂದು ಸರಿ. ಇನ್ನು ಜರ್ಮನ್ ಟ್ಯಾಂಕುಗಳ ಝಿಮ್ಮರಿಟ್. 1943ರಿಂದ 1944ರ ಸೆಪ್ಟೆಂಬರಿನವರೆಗೆ ಕಾರ್ಖಾನೆಯಲ್ಲಿ ಮೆತ್ತುತ್ತಿದ್ದ ಈ ಲೇಪ ಬಣ್ಣವಲ್ಲ, ಗಾರೆಯಂಥದ್ದು. ಅದಕ್ಕೆ ಚಕ್ಕೆ, ಹಕ್ಕಳೆ ಯಾವುದೂ ಹೊಂದದು. ‘ಗಾರೆ ಉದುರಿದೆ’ ಎನ್ನುವ ಹಾಗೆ ‘ಉದುರು’ ಎನ್ನಿ. ಉದುರಿದ ಜಾಗಕ್ಕೆ ಮೆಟ್ಟಿಲಿನಂತೆ ಅಂಚು ಬೇಕು, ಬಣ್ಣ ಬಳಿದು ತೋರಿಸಲಾಗದು. ಬಣ್ಣಕ್ಕೆ ಮೊದಲೇ ಚಾಕುವಿನಿಂದ ಎಬ್ಬಿಸಿಟ್ಟಿರಬೇಕು.

ಉತ್ತರ 3

ವಾಶ್ ಬಗ್ಗೆ. ‘ತೊಳೆತ’ ಎಂದರೆ ಮಾದರಿಯನ್ನು ನಲ್ಲಿಯ ಕೆಳಗೆ ಹಿಡಿದಾರು! ಇದು ಸಂದುಗೊಂದುಗಳಿಗೆ ಹರಿದು ನೆರಳು ತುಂಬುವ ನೀರುನೀರಾದ ಬಣ್ಣ. ‘ಸಂದುಬಣ್ಣ’ ಹೇಗೆ? ಒಂದು ಪಾಲು ಕಡುಕಂದು ಆಯಿಲ್ ಪೇಂಟ್, ಸುಮಾರು ಹತ್ತು ಪಾಲು ವೈಟ್ ಸ್ಪಿರಿಟ್ (ಆಯಿಲ್ ಪೇಂಟನ್ನು ತೆಳುಮಾಡುವ ದ್ರಾವಕ). ಮೊದಲು ಹೊಳಪು ವಾರ್ನಿಶ್ ಇರಬೇಕು. ನುಣುಪಿನ ಮೇಲೆ ಬ್ರಷ್ ತುದಿ ಸಂದಿಗೆ ತಾಗಿಸಿದರೆ ಬಣ್ಣ ತಾನೇ ಓಡುತ್ತದೆ, ಒರಟು ಮ್ಯಾಟ್ ಮೇಲೆ ಅಲ್ಲಲ್ಲೇ ಹೀರಿಕೊಂಡು ಕಲೆ ನಿಲ್ಲುತ್ತದೆ. ಬಣ್ಣ ಹತ್ತದ ಬರಿಯ ಪ್ಲಾಸ್ಟಿಕ್ಕಿನ ಬೆಸುಗೆಗಳಲ್ಲಿ ವೈಟ್ ಸ್ಪಿರಿಟ್ ಮಡುಗಟ್ಟಲು ಬಿಡಬೇಡಿ, ಸೀಳು ಬರುವುದುಂಟು. ಸಂದುಬಣ್ಣ ಚಕ್ಕೆ, ಗೀರು ಎಲ್ಲ ಮುಗಿದ ಮೇಲೆ; ಅಕ್ರಿಲಿಕ್ ಗೀರನ್ನು ವೈಟ್ ಸ್ಪಿರಿಟ್ ಕರಗಿಸದು.

ಪ್ರಶ್ನೆ ಕೇಳಿದವರಿಂದ

ಉಪಕಾರವಾಯಿತು. ‘ಮಾಸಲು ಕೆಲಸ’, ‘ಸಂದುಬಣ್ಣ’ ಎರಡೂ ಕರಡಿಗೆ ಹೋದವು. ಹಾಗಾದರೆ ‘ಚಿಪ್ಪಿಂಗ್’ ಎಂಬ ಅಧ್ಯಾಯದ ಹೆಸರನ್ನೇ ಕೈಬಿಡೋಣವೇ?

ಉತ್ತರ 1 ಬರೆದವರಿಂದ

ಬೇಡ, ತಲೆಬರಹದಲ್ಲಿ ಅದು ಇರಲಿ. ಬಾಟಲಿಗಳ ಮೇಲೆ ಅದೇ ಬರೆದಿರುತ್ತದೆ. ಒಳಗಿನ ವಾಕ್ಯಗಳಲ್ಲಿ ಮಾತ್ರ ಚಕ್ಕೆ, ತರಚು, ಹಕ್ಕಳೆ, ಸವೆತ ಎಂದು ಬಿಡಿಸಿ ಬರೆಯಿರಿ. ‘ಚಿಪ್ಪಿಂಗ್ ಫ್ಲೂಯಿಡ್’ ಅನ್ನು ‘ಚಕ್ಕೆ ದ್ರವ’ ಮಾಡಿಬಿಟ್ಟೀರಿ, ಜೋಕೆ. ಅದು ಹೇರ್‌ಸ್ಪ್ರೇಗೆ ಬದಲಾಗಿ ಸಿಗುವ ಸಿದ್ಧ ದ್ರವ, ಅದರ ಕೆಲಸ ಹಕ್ಕಳೆ ಎಬ್ಬಿಸುವುದು.