ಸಿಂಗಾಪುರಕ್ಕೆ ಕುಟುಂಬ ಪ್ರವಾಸ: ಹಿರಿಯರು, ಮಕ್ಕಳೊಂದಿಗೆ ಕಾರಿಲ್ಲದೆ ಸುತ್ತಾಡಬಹುದೇ?

ಪ್ರಶ್ನೆ: ದಾವಣಗೆರೆಯ ಸದಸ್ಯೆ

ಎಲ್ಲರಿಗೂ ನಮಸ್ಕಾರ. ಬರುವ ದಸರಾ ರಜೆಯಲ್ಲಿ ಸಿಂಗಾಪುರಕ್ಕೆ ಹೋಗಿಬರಬೇಕೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಒಂಬತ್ತು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ, ಒಟ್ಟು ಆರು ಜನ. ಟಿಕೆಟ್ ಮತ್ತು ವೀಸಾ ನೋಡಿಕೊಳ್ಳುತ್ತಿರುವ ಟ್ರಾವೆಲ್ಸ್‌ನವರು, ಹಿರಿಯರೂ ಚಿಕ್ಕ ಮಕ್ಕಳೂ ಜೊತೆಗಿರುವುದರಿಂದ ಅಷ್ಟೂ ದಿನಕ್ಕೆ ಚಾಲಕನಿರುವ ವ್ಯಾನ್ ಗೊತ್ತು ಮಾಡಿಕೊಳ್ಳುವುದೇ ಒಳ್ಳೆಯದು ಎನ್ನುತ್ತಿದ್ದಾರೆ. ಅವರು ಹೇಳಿದ ಮೊತ್ತ ಹೆಚ್ಚುಕಡಿಮೆ ನಮ್ಮ ಹೋಟೆಲ್ ಖರ್ಚಿನಷ್ಟೇ ಆಗುತ್ತದೆ. ಅಲ್ಲಿನ ಮೆಟ್ರೊ ಮತ್ತು ಬಸ್ಸು ಬಹಳ ಚೆನ್ನಾಗಿವೆ ಎಂದು ಕೇಳಿರುವುದರಿಂದ ಇಷ್ಟು ಹಣ ವ್ಯಾನಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಆದರೆ ಅತ್ತೆಯವರಿಗೆ ಮಂಡಿ ನೋವಿದೆ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಹತ್ತಲಾರರು. ಮಾವನವರು ಶುದ್ಧ ಸಸ್ಯಾಹಾರಿಗಳು, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಮಗ ಇನ್ನೂ ಮಧ್ಯಾಹ್ನ ಮಲಗುತ್ತಾನೆ. ಅಲ್ಲಿನ ಸೆಖೆ ಮತ್ತು ಮಳೆಯ ನಡುವೆ ಇವರನ್ನೆಲ್ಲ ಕರೆದುಕೊಂಡು ಕಾರಿಲ್ಲದೆ ಓಡಾಡುವುದು ಸಾಧ್ಯವೇ, ಸಾಧ್ಯವಾದರೆ ಯಾವ ಭಾಗದಲ್ಲಿ ಉಳಿದುಕೊಳ್ಳಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಸಿಂಗಾಪುರದಲ್ಲಿ ನೆಲೆಸಿರುವ ಸದಸ್ಯರು

ನಮಸ್ಕಾರ ಮೇಡಂ. ಖಂಡಿತ ಸಾಧ್ಯ. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ, ಊರಿನಿಂದ ಬರುವ ತಂದೆತಾಯಿಯರನ್ನು ಸುತ್ತಾಡಿಸುವ ನಮ್ಮಂಥ ಅನೇಕ ಕುಟುಂಬಗಳಲ್ಲಿ ಕಾರೇ ಇಲ್ಲ. ಇಲ್ಲಿ ಕಾರು ಕೊಳ್ಳುವ ಮೊದಲು ಅದನ್ನು ಇಟ್ಟುಕೊಳ್ಳುವ ಹಕ್ಕಿನ ಪ್ರಮಾಣಪತ್ರವನ್ನೇ ಹರಾಜಿನಲ್ಲಿ ಪಡೆಯಬೇಕು, ಅದರ ಅವಧಿ ಹತ್ತು ವರ್ಷ. ಕಾರಿಲ್ಲದವರಿಗೂ ಅನುಕೂಲವಾಗುವಂತೆಯೇ ಊರನ್ನು ಕಟ್ಟಿದ್ದಾರೆ. 1987ರಲ್ಲಿ ಆರಂಭವಾದ ಮೆಟ್ರೊ, ಅಂದರೆ ಇಲ್ಲಿನವರು ಎಂಆರ್‌ಟಿ ಎನ್ನುವುದು, ಈಗ ಪ್ರವಾಸಿಗರು ನೋಡುವ ಹೆಚ್ಚಿನ ಸ್ಥಳಗಳ ಹತ್ತಿರಕ್ಕೇ ಹೋಗುತ್ತದೆ.

ನಿಮ್ಮ ಪ್ರವಾಸ ಸುಗಮವಾಗುವುದೂ ಆಯಾಸವಾಗುವುದೂ ಹೋಟೆಲ್ ಯಾವ ನಿಲ್ದಾಣದ ಬಳಿ ಇದೆ ಎಂಬುದರ ಮೇಲೆ ನಿಂತಿದೆ. ನನ್ನ ಸಲಹೆ ಲಿಟಲ್ ಇಂಡಿಯಾ ನಿಲ್ದಾಣದ ಸುತ್ತಮುತ್ತ. ಅಲ್ಲಿ ನೇರಳೆ ಮತ್ತು ನೀಲಿ ಮಾರ್ಗಗಳು ಸೇರುತ್ತವೆ. ನೇರಳೆ ಮಾರ್ಗದಲ್ಲಿ ಕುಳಿತರೆ ಗಾಡಿ ಬದಲಿಸದೆ ಚೈನಾಟೌನ್‌ಗೂ, ಸೆಂಟೋಸಾ ದ್ವೀಪದ ಬಾಗಿಲಾದ ಹಾರ್ಬರ್‌ಫ್ರಂಟ್‌ಗೂ ಹೋಗಬಹುದು. ನೀಲಿ ಮಾರ್ಗದಲ್ಲಿ ಒಂದು ದಿಕ್ಕಿಗೆ ಬೊಟಾನಿಕ್ ಗಾರ್ಡನ್ಸ್, ಇನ್ನೊಂದು ದಿಕ್ಕಿಗೆ ಗಾರ್ಡನ್ಸ್ ಬೈ ದ ಬೇ ಉದ್ಯಾನದ ಹತ್ತಿರದ ಬೇಫ್ರಂಟ್. ಮಂಡಿ ನೋವಿರುವವರಿಗೆ ರೈಲಿನ ಪ್ರಯಾಣ ಕಷ್ಟವೇನಲ್ಲ. ಕಷ್ಟವಾಗುವುದು ಒಂದು ಮಾರ್ಗದಿಂದ ಇನ್ನೊಂದಕ್ಕೆ ಬದಲಾಯಿಸುವಾಗಿನ ನಡಿಗೆ. ಧೋಬಿ ಘಾಟ್‌ನಂತಹ ದೊಡ್ಡ ನಿಲ್ದಾಣಗಳಲ್ಲಿ ನೆಲದಡಿಯ ಹಾದಿಯಲ್ಲಿ ಬಹಳ ದೂರ ಸಾಗಬೇಕಾಗುತ್ತದೆ. ಆದ್ದರಿಂದ ಗಾಡಿ ಬದಲಿಸುವುದನ್ನು ಎಷ್ಟು ಕಡಿಮೆ ಮಾಡುತ್ತೀರೋ ಅತ್ತೆಯವರಿಗೆ ಅಷ್ಟು ಹಿತ.

ಮಾವನವರ ಊಟದ ಚಿಂತೆಯೂ ಅಲ್ಲಿಯೇ ಪರಿಹಾರವಾಗುತ್ತದೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಸೇರಿದಂತೆ ಅನೇಕ ಸಸ್ಯಾಹಾರಿ ಹೋಟೆಲುಗಳಿವೆ, ಇಡ್ಲಿ, ದೋಸೆ, ಬಾಳೆಲೆಯ ಊಟ ಎಲ್ಲವೂ ಸಿಗುತ್ತದೆ. ಅದೇ ರಸ್ತೆಯಲ್ಲಿ ಮುಂದೆ, ಫಾರೆರ್ ಪಾರ್ಕ್ ನಿಲ್ದಾಣದ ಬಳಿ ಶ್ರೀ ಶ್ರೀನಿವಾಸ ಪೆರುಮಾಳ್ ದೇವಸ್ಥಾನವಿದೆ. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಬೆಳಿಗ್ಗೆ ಅಥವಾ ಸಂಜೆ ಹೋಗಿ. ದಸರಾ ಹೊತ್ತಿಗೆ ಆ ಬೀದಿಯಲ್ಲಿ ಸಾಮಾನ್ಯವಾಗಿ ದೀಪಾವಳಿಯ ಅಲಂಕಾರವೂ ಶುರುವಾಗಿರುತ್ತದೆ.

ಟಿಕೆಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಗೊಂದಲಕ್ಕೆ ಬೀಳುವುದು ಗೇಟಿನ ಮುಂದೆಯೇ. ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡ್ ತಟ್ಟಿ ಇಬ್ಬರು ಒಳಹೋಗುವಂತಿಲ್ಲ. ನಮ್ಮ ಊರಿನ ಬ್ಯಾಂಕುಗಳ ವೀಸಾ ಮತ್ತು ಮಾಸ್ಟರ್‌ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಹಾಗೂ ತಟ್ಟಿ ಪಾವತಿಸುವ ಸೌಲಭ್ಯವನ್ನು ಚಾಲೂ ಮಾಡಿಸಿದ್ದರೆ ಅವನ್ನೇ ಗೇಟಿಗೆ ಹಿಡಿಯಬಹುದು. ಆದರೆ ವಿದೇಶಿ ಕಾರ್ಡುಗಳಿಗೆ ದಿನದ ಲೆಕ್ಕದಲ್ಲಿ ಸಣ್ಣದೊಂದು ಶುಲ್ಕ ಬೀಳುತ್ತದೆ, ಮೇಲೆ ನಿಮ್ಮ ಬ್ಯಾಂಕಿನವರ ವಿನಿಮಯ ಶುಲ್ಕ ಬೇರೆ. ಅತ್ತೆ, ಮಾವ ಮತ್ತು ಮಗಳಿಗೆ ಇಲ್ಲಿಯ ಈಝಿ ಲಿಂಕ್ ಕಾರ್ಡ್ ಕೊಂಡು ಹಣ ತುಂಬಿಸುವುದು ಸರಳ. ಮಗಳಿಗೆ ಒಂಬತ್ತು ವರ್ಷವಾದ್ದರಿಂದ ದೊಡ್ಡವರ ದರವೇ ಆಗುತ್ತದೆ. ಮಗನ ಎತ್ತರ 90 ಸೆಂಟಿಮೀಟರ್ ದಾಟಿರಬಹುದು. ಹಾಗಿದ್ದರೆ ಅವನ ಪಾಸ್‌ಪೋರ್ಟ್ ತೋರಿಸಿ ಟಿಕೆಟ್ ಕಚೇರಿಯಲ್ಲಿ ಮಕ್ಕಳ ರಿಯಾಯಿತಿ ಕಾರ್ಡ್ ಪಡೆಯಿರಿ, ಏಳು ವರ್ಷದೊಳಗಿನವರಿಗೆ ಅದರಲ್ಲಿ ಪ್ರಯಾಣ ಉಚಿತ. ಬಸ್ಸಿನಲ್ಲಿ ಹತ್ತುವಾಗ ತಟ್ಟಿದಂತೆ ಇಳಿಯುವಾಗಲೂ ಮರೆಯದೆ ತಟ್ಟಬೇಕು, ಇಲ್ಲದಿದ್ದರೆ ಆ ಮಾರ್ಗದ ಕೊನೆಯವರೆಗಿನ ದರ ಹಿಡಿಯುತ್ತಾರೆ. ಒಬ್ಬರಿಗೆ ಒಂದು ಪ್ರಯಾಣಕ್ಕೆ ದೂರಕ್ಕನುಗುಣವಾಗಿ ಸುಮಾರು ಒಂದೂಕಾಲು ಸಿಂಗಾಪುರ ಡಾಲರಿನಿಂದ ಎರಡೂವರೆ ಡಾಲರ್ ತಗಲುತ್ತದೆ. ವ್ಯಾನಿನ ಬಾಡಿಗೆಯ ಪಕ್ಕದಲ್ಲಿಟ್ಟು ನೀವೇ ಲೆಕ್ಕ ಹಾಕಿ ನೋಡಿ.

ಮಗನಿಗೆ ಮಡಚುವ ತಳ್ಳುಗಾಡಿ ತನ್ನಿ. ಅದನ್ನು ತೆರೆದಿಟ್ಟುಕೊಂಡೇ ರೈಲಿಗೂ ಬಸ್ಸಿಗೂ ಹತ್ತಬಹುದು, ಮಧ್ಯಾಹ್ನ ಅವನು ಅದರಲ್ಲೇ ಮಲಗಿಬಿಡುತ್ತಾನೆ. ರೈಲಿನೊಳಗೆ ಮಾತ್ರ ಏನನ್ನೂ ತಿನ್ನುವ, ಕುಡಿಯುವ ಹಾಗಿಲ್ಲ, ಐನೂರು ಡಾಲರ್ ತನಕ ದಂಡ ಹಾಕಬಹುದು. ಮಕ್ಕಳಿಗೆ ತಿಂಡಿ ಕೊಡುವುದನ್ನು ನಿಲ್ದಾಣದೊಳಗೆ ಹೋಗುವ ಮೊದಲೇ ಮುಗಿಸಿಕೊಳ್ಳಿ.

ಬಿಸಿಲಿಗೆ ಒಂದೇ ಉಪಾಯ, ಬೆಳಿಗ್ಗೆ ಏಳೂವರೆಗೆಲ್ಲ ಹೊರಬಿದ್ದು ಹನ್ನೊಂದರೊಳಗೆ ಹೊರಾಂಗಣದ ಸ್ಥಳಗಳನ್ನು ಮುಗಿಸುವುದು.

ಉತ್ತರ: ಮೈಸೂರಿನ ಸದಸ್ಯರು

ಮೇಲಿನವರು ಹೇಳಿದ ಬಹುತೇಕ ಮಾತುಗಳನ್ನು ಒಪ್ಪುತ್ತೇನೆ, ನನ್ನ ತಂದೆತಾಯಿ ಮತ್ತು ಮಕ್ಕಳೊಂದಿಗೆ ನಾವೂ ಲಿಟಲ್ ಇಂಡಿಯಾದಲ್ಲೇ ಉಳಿದಿದ್ದೆವು. ಆದರೆ ಬೆಳಿಗ್ಗೆ ಏಳೂವರೆಗೆ ಹೊರಡಬೇಕೆಂಬ ಸಲಹೆ ಅಲ್ಲಿಯೇ ವಾಸವಾಗಿರುವವರಿಗೆ ಸರಿ, ಊರಿನಿಂದ ಹೋದವರಿಗೆ ಅಷ್ಟಾಗಿ ಹೊಂದುವುದಿಲ್ಲ. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿಯ ಏಳೂವರೆ ಎಂದರೆ ದಾವಣಗೆರೆಯ ಬೆಳಗಿನ ಐದು ಗಂಟೆ, ಆ ಹೊತ್ತಿಗೆ ಆರು ಜನರ ಸ್ನಾನ, ತಿಂಡಿ ಮುಗಿದಿರಬೇಕು. ಮಕ್ಕಳನ್ನು ದಿನವೂ ಹಾಗೆ ಎಬ್ಬಿಸಿದರೆ ಎರಡನೆಯ ದಿನಕ್ಕೇ ರಗಳೆ ಶುರುವಾಗುತ್ತದೆ. ಅದೇ ಲೆಕ್ಕದಲ್ಲಿ ರಾತ್ರಿ ನಿಮ್ಮ ಪರವಾಗಿರುತ್ತದೆ. ಗಾರ್ಡನ್ಸ್ ಬೈ ದ ಬೇಯಲ್ಲಿ ಸೂಪರ್‌ಟ್ರೀ ಎಂಬ ಮರದಾಕಾರದ ಎತ್ತರದ ಗೋಪುರಗಳ ಬೆಳಕಿನ ಪ್ರದರ್ಶನ 7.45ಕ್ಕೆ ಮತ್ತು 8.45ಕ್ಕೆ ನಡೆಯುತ್ತದೆ. ಎರಡನೆಯದಕ್ಕೆ ಹೋದರೂ ಮಕ್ಕಳ ದೇಹಕ್ಕೆ ಅದಿನ್ನೂ ಸಂಜೆ ಆರೂಕಾಲು, ಕಣ್ಣರಳಿಸಿ ನೋಡುತ್ತಾರೆ. ವರ್ಷವಿಡೀ ಅಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ಏಳು ಗಂಟೆಯ ಆಸುಪಾಸಿನಲ್ಲೇ ಆದ್ದರಿಂದ ಸಂಜೆ ಐದರ ನಂತರವೂ ಸಾಕಷ್ಟು ಬೆಳಕಿರುತ್ತದೆ.

ಹಾಗಾಗಿ ಬೊಟಾನಿಕ್ ಗಾರ್ಡನ್ಸ್‌ಗೆ ಹೋಗುವ ದಿನ ಮಾತ್ರ ಬೇಗ ಏಳಿ. 1859ರ ಈ ಉದ್ಯಾನ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ಪ್ರವೇಶ ಉಚಿತ. ನೀಲಿ ಮಾರ್ಗದ ನಿಲ್ದಾಣದ ಕಡೆಯಲ್ಲಿ ಜೇಕಬ್ ಬಲ್ಲಾಸ್ ಮಕ್ಕಳ ಉದ್ಯಾನವಿದೆ, ಸೋಮವಾರ ರಜೆ. ಶುಲ್ಕವಿರುವ ಆರ್ಕಿಡ್ ಉದ್ಯಾನ ಅಲ್ಲಿಂದ ಸಾಕಷ್ಟು ಒಳಗಿದೆ, ಕಂದು ಮಾರ್ಗದ ನೇಪಿಯರ್ ನಿಲ್ದಾಣದ ಕಡೆಯ ಭಾಗಕ್ಕೆ ಹತ್ತಿರ. ಈ ಎರಡನ್ನೂ ಒಂದೇ ಬೆಳಿಗ್ಗೆ ಅತ್ತೆಯವರನ್ನು ನಡೆಸಿಕೊಂಡು ನೋಡಲು ಹೋಗಬೇಡಿ.

ಅಕ್ಟೋಬರ್ ಅಲ್ಲಿ ಎರಡು ಮಾನ್ಸೂನ್‌ಗಳ ನಡುವಿನ ಕಾಲ. ಬೆಳಿಗ್ಗೆ ಗಾಳಿಯೇ ಇಲ್ಲದೆ ಬೇಯುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಧಾರಾಕಾರವಾಗಿ ಸುರಿದು ಬಹಳ ಸಲ ಒಂದೆರಡು ಗಂಟೆಯಲ್ಲಿ ನಿಂತುಬಿಡುತ್ತದೆ. ಊಟ ಮುಗಿಸಿ ಕೋಣೆಗೆ ಮರಳಿ ಎಲ್ಲರೂ ಮಲಗಿ ನಾಲ್ಕರ ನಂತರ ಹೊರಟರೆ ಆ ಹೊತ್ತು ಹಾಗೆಯೇ ಕಳೆದಿರುತ್ತದೆ, ಹೋಟೆಲ್ ನಿಲ್ದಾಣದ ಪಕ್ಕದಲ್ಲಿರಬೇಕು ಎನ್ನುವುದು ಇದಕ್ಕೂ ಸೇರಿ. ಸಂಜೆಯೂ ಮಳೆ ಬಿಡದಿದ್ದರೆ ಗಾರ್ಡನ್ಸ್ ಬೈ ದ ಬೇಯ ಎರಡು ಗಾಜಿನ ಗುಮ್ಮಟಗಳಿವೆ, ಒಳಗೆ ತಂಪು. ಕ್ಲೌಡ್ ಫಾರೆಸ್ಟ್ ಎಂಬ ಗುಮ್ಮಟದ ಬಾಗಿಲು ದಾಟಿದೊಡನೆ 35 ಮೀಟರ್ ಎತ್ತರದಿಂದ ಬೀಳುವ ಜಲಪಾತದ ತುಂತುರು ಮುಖಕ್ಕೆ ತಾಗುತ್ತದೆ, ಮೇಲಕ್ಕೆ ಲಿಫ್ಟಿನಲ್ಲಿ ಹೋಗಿ ಇಳಿಜಾರಿನ ಹಾದಿಯಲ್ಲಿ ಸುತ್ತಿಕೊಂಡು ಇಳಿಯಬಹುದು. ಅತ್ತೆಯವರಿಗೆ ಒಂದು ತೆಳು ಶಾಲು ಇಟ್ಟುಕೊಳ್ಳಿ.

ಇನ್ನು ಟ್ಯಾಕ್ಸಿಯನ್ನು ಪೂರ್ತಿ ಬಿಡಬೇಡಿ. ಮಂಡಾಯಿಯ ಮೃಗಾಲಯಕ್ಕೆ ಹೋಗುವಾಗ ನೀಲಿ ಮಾರ್ಗದಲ್ಲಿ ನ್ಯೂಟನ್, ಅಲ್ಲಿಂದ ಕೆಂಪು ಮಾರ್ಗದಲ್ಲಿ ಖತೀಬ್, ಅಲ್ಲಿಂದ ಶಟಲ್ ಬಸ್ಸು ಹಿಡಿದರೆ ಸಾಕು. ಅಲ್ಲಿಯೇ ರಾತ್ರಿ ಹೊತ್ತು ನಡೆಯುವ ನೈಟ್ ಸಫಾರಿ ಮುಗಿಸಿ ಬರುವಾಗ ಮಾತ್ರ ಮಕ್ಕಳೂ ಹಿರಿಯರೂ ದಣಿದಿರುತ್ತಾರೆ, ಆಗ ಟ್ಯಾಕ್ಸಿಯೇ ಸರಿ. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಮೀಟರಿನ ಮೇಲೆ ಶೇಕಡಾ 50 ಹೆಚ್ಚುವರಿ ಇರುವುದರಿಂದ ಹನ್ನೆರಡರೊಳಗೆ ಹೋಟೆಲ್ ಸೇರುವಂತೆ ನೋಡಿಕೊಳ್ಳಿ. ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರಿಗಷ್ಟೇ ಜಾಗ, ನಿಮಗೆ ಎರಡು ಬೇಕು ಅಥವಾ ಮ್ಯಾಕ್ಸಿಕ್ಯಾಬ್ ಎಂಬ ದೊಡ್ಡ ಗಾಡಿ ಬೇಕು. ಗ್ರ್ಯಾಬ್‌ನಂತಹ ಆ್ಯಪ್‌ನ ಕಾರುಗಳಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಅವರಿಗೆಂದೇ ಇರುವ ಆಸನ ಕಡ್ಡಾಯ. ಬೀದಿಯ ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ.

ಪ್ರಶ್ನೆ ಕೇಳಿದ ಸದಸ್ಯೆ

ಇಬ್ಬರಿಗೂ ತುಂಬು ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಮನೆಯವರೆಲ್ಲರಿಗೂ ಓದಿ ಹೇಳಿದೆ, ಮಾವನವರು ಈಗಲೇ ಮೆಟ್ರೊ ನಕ್ಷೆ ಹರಡಿಕೊಂಡು ಕುಳಿತಿದ್ದಾರೆ. ಇನ್ನೆರಡು ಸಂದೇಹಗಳಿವೆ. ಮಗಳಿಗೆ ಯೂನಿವರ್ಸಲ್ ಸ್ಟುಡಿಯೋಸ್ ಮನರಂಜನಾ ಪಾರ್ಕ್ ನೋಡಲೇಬೇಕೆಂಬ ಹಟ, ಅತ್ತೆ ಮಾವನವರಿಗೆ ಅದರಲ್ಲಿ ಆಸಕ್ತಿಯಿಲ್ಲ, ಅಷ್ಟು ದುಬಾರಿ ಟಿಕೆಟ್ ಕೊಂಡು ಅವರನ್ನು ಒಳಗೆ ಕೂರಿಸುವುದೂ ಸರಿಯಲ್ಲ. ಆ ದಿನ ಏನು ಮಾಡಬಹುದು? ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆಯೇ?

ಉತ್ತರ: ಬೆಂಗಳೂರಿನ ಸದಸ್ಯೆ

ಲಿಫ್ಟ್ ಬಗ್ಗೆ ನಾನು ಹೇಳುತ್ತೇನೆ, ಗಾಲಿಕುರ್ಚಿ ಬಳಸುವ ನಮ್ಮ ತಾಯಿಯವರೊಂದಿಗೆ ಹೋಗಿದ್ದೆ. ಎಲ್ಲ ಎಂಆರ್‌ಟಿ ನಿಲ್ದಾಣಗಳಲ್ಲೂ ಲಿಫ್ಟ್ ಇದೆ, ಆದರೆ ನಿಲ್ದಾಣದ ಎಲ್ಲ ದ್ವಾರಗಳಲ್ಲೂ ಇರುವುದಿಲ್ಲ. ಪ್ರತಿ ದ್ವಾರಕ್ಕೂ ಅಕ್ಷರ ಅಥವಾ ಸಂಖ್ಯೆಯ ಗುರುತಿರುತ್ತದೆ, ಯಾವುದರಲ್ಲಿ ಲಿಫ್ಟ್ ಇದೆಯೆಂದು ಗೋಡೆಯ ನಕ್ಷೆಯಲ್ಲಿ ನೋಡಿಕೊಂಡೇ ಹೊರಡಿ. ಹೋಟೆಲ್ ಕಾಯ್ದಿರಿಸುವಾಗಲೂ ಲಿಫ್ಟ್ ಇರುವ ದ್ವಾರದಿಂದ ಎಷ್ಟು ದೂರವೆಂದು ಕೇಳಿ. ಎಸ್ಕಲೇಟರ್‌ಗಳು ನಮ್ಮ ಕಡೆಯವಕ್ಕಿಂತ ವೇಗವಾಗಿ ಓಡುತ್ತವೆ, ಅಭ್ಯಾಸವಿಲ್ಲದ ಹಿರಿಯರು ಕಾಲಿಡಲು ಹಿಂಜರಿಯುತ್ತಾರೆ, ಅವರನ್ನು ಅವಸರಪಡಿಸದೆ ಲಿಫ್ಟಿನಲ್ಲೇ ಕರೆದುಕೊಂಡು ಹೋಗಿ. ಕೆಲವು ಪಾದಚಾರಿ ಮೇಲ್ಸೇತುವೆಗಳಿಗೆ ಮೆಟ್ಟಿಲಷ್ಟೇ ಇರುತ್ತವೆ, ಅಲ್ಲಿ ಸಿಗ್ನಲ್ ಇರುವ ಜಾಗದವರೆಗೆ ಹೋಗಿ ರಸ್ತೆ ದಾಟುವುದೇ ಮೇಲು. ಚಾಂಗಿ ವಿಮಾನ ನಿಲ್ದಾಣ ಬಹಳ ವಿಶಾಲವಾದದ್ದು, ಟಿಕೆಟ್ ಮಾಡಿಸುವಾಗಲೇ ಅತ್ತೆಯವರಿಗೆ ಗಾಲಿಕುರ್ಚಿ ಬೇಕೆಂದು ವಿಮಾನ ಸಂಸ್ಥೆಗೆ ತಿಳಿಸಿಬಿಡಿ. ಮೃಗಾಲಯದಲ್ಲೂ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ನಡೆಯಬಲ್ಲವರೂ ಅಲ್ಲಿ ಅದನ್ನು ಪಡೆಯುವುದು ಒಳ್ಳೆಯದು.

ಉತ್ತರ: ಸಿಂಗಾಪುರದಲ್ಲಿ ನೆಲೆಸಿರುವ ಸದಸ್ಯರು

ಬೆಳಗಿನ ಸಮಯದ ಬಗ್ಗೆ ಮೈಸೂರಿನವರು ಹೇಳಿದ್ದು ನ್ಯಾಯವಾಗಿದೆ, ಅವರ ಕ್ರಮವನ್ನೇ ಅನುಸರಿಸಿ.

ಯೂನಿವರ್ಸಲ್ ಇರುವುದು ಸೆಂಟೋಸಾ ದ್ವೀಪದಲ್ಲಿ, ಆ ದಿನ ಕಾರಿಲ್ಲದಿರುವುದೇ ನಿಮಗೆ ಅನುಕೂಲ. ಒಂದು ವ್ಯಾನ್ ಇದ್ದರೆ ಆರು ಜನರೂ ಒಟ್ಟಿಗೇ ಹೋಗಿ ಒಟ್ಟಿಗೇ ಮರಳಬೇಕು. ಪ್ರತಿಯೊಬ್ಬರ ಕೈಯಲ್ಲೂ ಕಾರ್ಡ್ ಇದ್ದು ಎರಡು ಫೋನ್‌ಗಳಲ್ಲಿ ಇಲ್ಲಿನ ಸಿಮ್ ಇದ್ದರೆ ಬೇಕಾದಾಗ ಬೇರೆಯಾಗಿ ಬೇಕಾದಾಗ ಸೇರಬಹುದು. ಹಾರ್ಬರ್‌ಫ್ರಂಟ್‌ನಲ್ಲಿ ಇಳಿದು, ಮೇಲಿರುವ ವಿವೊಸಿಟಿ ಮಾಲಿನ ಮೂರನೆಯ ಹಂತದಿಂದ ಸೆಂಟೋಸಾ ಎಕ್ಸ್‌ಪ್ರೆಸ್ ಮೊನೊರೈಲ್ ಹತ್ತಿ. ಹೋಗುವಾಗ ಮಾತ್ರ ಹಣ, ಮರಳುವಾಗ ಇಲ್ಲ. ನೀವು ಮಗಳೊಂದಿಗೆ ರಿಸಾರ್ಟ್ಸ್ ವರ್ಲ್ಡ್ ನಿಲ್ದಾಣದಲ್ಲಿ ಇಳಿದು ಯೂನಿವರ್ಸಲ್‌ಗೆ ಹೋಗಿ. ಯಜಮಾನರು ಮಗನನ್ನೂ ಹಿರಿಯರನ್ನೂ ಕರೆದುಕೊಂಡು ಕೊನೆಯ ನಿಲ್ದಾಣವಾದ ಬೀಚ್‌ವರೆಗೆ ಹೋಗಲಿ, ಅಲ್ಲಿಂದ ಕಡಲ ದಂಡೆಯುದ್ದಕ್ಕೂ ಓಡಾಡುವ ಬೀಚ್ ಶಟಲ್ ಮತ್ತು ದ್ವೀಪದೊಳಗಿನ ಬಸ್ಸುಗಳು ಉಚಿತ. ಸಿಲೋಸೊ ಕಡೆ ಹನ್ನೊಂದು ಮಹಡಿಯಷ್ಟು ಎತ್ತರದಲ್ಲಿ ಮರಗಳ ನೆತ್ತಿಯ ಮೇಲೆ ಸಾಗುವ ಫೋರ್ಟ್ ಸಿಲೋಸೊ ಸ್ಕೈವಾಕ್ ಇದೆ, ಲಿಫ್ಟ್ ಇರುವುದರಿಂದ ಅತ್ತೆಯವರೂ ಹೋಗಬಹುದು, ಪ್ರವೇಶಕ್ಕೆ ಹಣವಿಲ್ಲ. ಸಿಡಿಲಿನ ಮುನ್ಸೂಚನೆ ಇದ್ದರೆ ಮುಚ್ಚುತ್ತಾರೆ, ಆದ್ದರಿಂದ ಮಧ್ಯಾಹ್ನದ ಮೊದಲೇ ನೋಡಿಬಿಡಲಿ. ಅವರಿಗೆ ಸಾಕೆನಿಸಿದಾಗ ಹೋಟೆಲಿಗೆ ಮರಳಿ ಮಲಗಬಹುದು, ನೀವಿಬ್ಬರು ಸಂಜೆ ನೇರಳೆ ಮಾರ್ಗದಲ್ಲೇ ಬಂದು ಸೇರಿಕೊಳ್ಳಿ. ಕೆಲಸದ ದಿನಗಳಲ್ಲಿ ಸಂಜೆ ಐದೂವರೆಯಿಂದ ಏಳೂವರೆಯವರೆಗೆ ರೈಲಿನಲ್ಲಿ ನೂಕುನುಗ್ಗಲು ಇರುತ್ತದೆ, ಅದರ ಹಿಂದೆ ಅಥವಾ ಮುಂದೆ ಹೊರಡಿ.

ಬರುವ ದಿನ ಸಾಮಾನು ಮತ್ತು ನಿದ್ರೆಗೆಟ್ಟ ಮಕ್ಕಳ ಜೊತೆ ಮೆಟ್ರೊ ಬೇಡ, ವಿಮಾನ ನಿಲ್ದಾಣದ ಟ್ಯಾಕ್ಸಿ ಸಾಲಿನಲ್ಲಿ ಮ್ಯಾಕ್ಸಿಕ್ಯಾಬ್ ಕೇಳಿ. ಕೋಣೆ ಸಾಮಾನ್ಯವಾಗಿ ಎರಡು ಅಥವಾ ಮೂರು ಗಂಟೆಗೆ ಸಿಗುವುದರಿಂದ ಸಾಮಾನನ್ನು ಹೋಟೆಲಿನಲ್ಲಿ ಇಟ್ಟು ಮೊದಲು ಊಟಕ್ಕೆ ಹೋಗಿ. ಸಿಂಗಾಪುರ ತಲುಪುವ ಮುನ್ನ ಮೂರು ದಿನದೊಳಗೆ ಎಲ್ಲರ ಹೆಸರಿನಲ್ಲೂ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಪ್ರವೇಶದ ವಿವರಪತ್ರವನ್ನು ಸರ್ಕಾರದ ಜಾಲತಾಣದಲ್ಲಿ ತುಂಬಬೇಕು, ಅದು ಉಚಿತ, ಹಣ ಕೇಳುವ ತಾಣಗಳಿಗೆ ಹೋಗಬೇಡಿ. ಮರಳುವ ದಿನ ಸಾಮಾನು ಹಗುರವಾಗಿದ್ದರೆ ಲಿಟಲ್ ಇಂಡಿಯಾದಿಂದ ನೀಲಿ ಮಾರ್ಗದಲ್ಲಿ ಎಕ್ಸ್‌ಪೊವರೆಗೆ ಬಂದು, ಅಲ್ಲಿ ಹಸಿರು ಮಾರ್ಗದ ಗಾಡಿ ಹಿಡಿದರೆ ಮುಂದಿನ ನಿಲ್ದಾಣವೇ ಚಾಂಗಿ. ರಾತ್ರಿಯ ವಿಮಾನವಾದರೆ ಸಂಜೆಯೇ ಬಂದು ಜ್ಯುವೆಲ್ ಕಟ್ಟಡದೊಳಗಿನ 40 ಮೀಟರ್ ಎತ್ತರದ ಜಲಪಾತವನ್ನು ಮಕ್ಕಳಿಗೆ ತೋರಿಸಿ.