ಪಿಸಿಎ ಮಾಡಿದರೆ ಎಲ್ಲ ಪದಾರ್ಥವೂ ಒಂದೇ ಕಡೆ ಬರುತ್ತಿದೆ, ಇದಕ್ಕೆ ಏನು ಹೆಸರಿಡಲಿ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ)

ನಮಸ್ತೆ ಮೇಡಂ. ಪ್ರಾಜೆಕ್ಟಿಗೆ ಅಂತ ತೀರ್ಥಹಳ್ಳಿ, ಹೊಸನಗರ ಕಡೆಯ ಹಳ್ಳಿಗಳಲ್ಲಿ 210 ಜನರ ಊಟದ ವಿವರ ಬರೆದುಕೊಂಡಿದ್ದೇನೆ. ಒಟ್ಟು 64 ಪದಾರ್ಥ. ತಿಂಗಳಿಗೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಅಂತ ಕೇಳಿ ದಿನಕ್ಕೆ ಇಷ್ಟು ಗ್ರಾಂ ಎಂದು ಲೆಕ್ಕ ಹಾಕಿದ್ದೇನೆ. ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್, ಒಟ್ಟಿಗೆ ಏರಿಳಿಯುವ ಪದಾರ್ಥಗಳನ್ನು ಕೆಲವೇ ಕಾಂಪೊನೆಂಟುಗಳಾಗಿ ಹಿಡಿಯುವ ಲೆಕ್ಕ) ಓಡಿಸಿದರೆ ಮೊದಲ ಕಾಂಪೊನೆಂಟಿನಲ್ಲಿ ಅನ್ನ, ರೊಟ್ಟಿ, ಮೀನು, ಬಾಳೆಹಣ್ಣು, ಸೊಪ್ಪು, ಬೋಂಡ ಎಲ್ಲದರ ಲೋಡಿಂಗೂ, ಅಂದರೆ ಆ ಕಾಂಪೊನೆಂಟಿನ ಜೊತೆ ಅವುಗಳ ನಂಟಿನ ಅಂಕಿಯೂ, ಪ್ಲಸ್ ಬರುತ್ತಿದೆ. ಐಗನ್ ಮೌಲ್ಯ (ಒಂದು ಕಾಂಪೊನೆಂಟು ಎಷ್ಟು ವ್ಯತ್ಯಾಸ ಹಿಡಿದಿದೆ ಎಂಬ ಅಂಕಿ) 1 ದಾಟಿದ ಕಾಂಪೊನೆಂಟುಗಳು 19 ಇವೆ. ಮೊದಲನೆಯದಕ್ಕೆ ‘ಆರೋಗ್ಯಕರ ಮಾದರಿ’ ಅಂತ ಹೆಸರಿಡು ಎಂದು ಗೈಡ್ ಹೇಳಿದರು. ಅದರಲ್ಲಿ ಬೋಂಡವೂ ಇದೆಯಲ್ಲ ಮೇಡಂ, ಹೇಗೆ ಇಡಲಿ?

ಉತ್ತರ (ಜೀವಸಂಖ್ಯಾಶಾಸ್ತ್ರ)

ನಿಮ್ಮ ಅನುಮಾನ ಸರಿಯಾಗಿದೆ, ಆ ಹೆಸರು ಇಡಬೇಡಿ. ಅದು ಆಹಾರದ ಮಾದರಿಯೇ ಅಲ್ಲ, ಯಾರು ಎಷ್ಟು ಉಣ್ಣುತ್ತಾರೆ ಎನ್ನುವುದರ ಅಳತೆ. ಬೆಳಿಗ್ಗೆಯಿಂದ ಮರ ಹತ್ತಿ ಅಡಿಕೆ ಕೊನೆ ಇಳಿಸಿದವರು ಅನ್ನ, ಮೀನು, ಬೋಂಡ ಎಲ್ಲವನ್ನೂ ಹೆಚ್ಚು ಉಣ್ಣುತ್ತಾರೆ. ಅದೇ ಮನೆಯ ಎಪ್ಪತ್ತೈದರ ಅಜ್ಜಿ ಎಲ್ಲವನ್ನೂ ಕಡಿಮೆ ಉಣ್ಣುತ್ತಾರೆ. ನಿಮ್ಮ 210 ಜನರ ನಡುವೆ ಇರುವ ಅತಿ ದೊಡ್ಡ ವ್ಯತ್ಯಾಸ ಇದೇ. ಅತಿ ದೊಡ್ಡ ವ್ಯತ್ಯಾಸವನ್ನು ಮೊದಲು ಹಿಡಿಯುವುದೇ ಪಿಸಿಎ ಕೆಲಸ, ಹಾಗಾಗಿ ಅದು ತಪ್ಪು ಮಾಡಿಲ್ಲ.

ಒಟ್ಟು ಪ್ರಮಾಣವನ್ನು ನೀವೇ ಮೊದಲು ತೆಗೆದುಬಿಡಬೇಕು. ವಿಲ್ಲೆಟ್ ಮತ್ತು ಸ್ಟ್ಯಾಂಪ್‌ಫರ್ 1986ರಲ್ಲಿ ಪೋಷಕಾಂಶಗಳಿಗೆ ಹೇಳಿದ ರೆಸಿಡ್ಯುಯಲ್ ವಿಧಾನವನ್ನು ಆಹಾರಗಳಿಗೂ ಬಳಸುತ್ತಾರೆ. ಒಂದೊಂದು ಆಹಾರದ ಗ್ರಾಂ ಅನ್ನೂ ಆ ವ್ಯಕ್ತಿಯ ಒಟ್ಟು ಕ್ಯಾಲರಿಯ ಮೇಲೆ ರಿಗ್ರೆಷನ್ ಮಾಡಿ (ಅಷ್ಟು ಕ್ಯಾಲರಿಗೆ ಎಷ್ಟು ಗ್ರಾಂ ನಿರೀಕ್ಷಿಸಬಹುದು ಎಂದು ಅಂದಾಜಿಸಿ), ಉಳಿಕೆಯನ್ನು, ಅಂದರೆ ರೆಸಿಡ್ಯುಯಲ್ ಅನ್ನು, ಇಟ್ಟುಕೊಳ್ಳಿ. ಇಷ್ಟು ಕ್ಯಾಲರಿ ಉಣ್ಣುವವರು ಸಾಮಾನ್ಯವಾಗಿ 40 ಗ್ರಾಂ ಮೀನು ತಿನ್ನುತ್ತಾರೆ, ಇವರು 60 ತಿಂದಿದ್ದಾರೆ ಅಂದರೆ ಉಳಿಕೆ 20. ಆ 20 ಪಿಸಿಎಗೆ ಹೋಗಬೇಕು, 60 ಅಲ್ಲ. ಬಹಳ ಜನ ಮುಟ್ಟದೇ ಇರುವ, ಸೊನ್ನೆಯೇ ತುಂಬಿರುವ ಪದಾರ್ಥಕ್ಕೆ ಉಳಿಕೆ ವಿಚಿತ್ರವಾಗಿ ಬರುತ್ತದೆ. ಅದಕ್ಕೇ 1000 ಕ್ಯಾಲರಿಗೆ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲೂ ಒಮ್ಮೆ ಮಾಡಿ ಹೋಲಿಸಿ.

ಕ್ಯಾಲರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ತೆಗೆದುಕೊಂಡಿರುತ್ತೀರಿ. ಅದರಲ್ಲಿ 528 ಆಹಾರಗಳಿವೆ, ಆದರೆ ಹೆಚ್ಚಿನವು ಹಸಿ ಪದಾರ್ಥಗಳು. ಪತ್ರೊಡೆಯನ್ನು ಅಕ್ಕಿ, ಕೆಸುವಿನೆಲೆ, ಕಾಯಿ, ಬೆಲ್ಲ ಎಂದು ಬಿಡಿಸಿ ಬರೆದರೆ ಮಾತ್ರ ಲೆಕ್ಕ ಕೂಡುತ್ತದೆ. ಬೇಸರದ ಕೆಲಸ ನಿಜ, ಆದರೆ ಇಲ್ಲಿ ಬಿಟ್ಟದ್ದನ್ನು ಮುಂದೆ ಯಾವ ಸಾಫ್ಟ್‌ವೇರೂ ಸರಿಮಾಡಿಕೊಡುವುದಿಲ್ಲ.

ಇನ್ನು 19ರ ವಿಷಯ. ಒಂದಕ್ಕೊಂದು ಸಂಬಂಧವೇ ಇಲ್ಲದ 64 ಅಂಕಣ ಕೊಟ್ಟರೂ ಅರ್ಧಕ್ಕೆ ಸ್ವಲ್ಪ ಕಡಿಮೆ ಕಾಂಪೊನೆಂಟುಗಳು 1 ದಾಟುತ್ತವೆ. 1 ದಾಟಿದ್ದನ್ನೆಲ್ಲ ಇಟ್ಟುಕೊಳ್ಳಬೇಕು ಎಂಬ ನಿಯಮವನ್ನು ನಂಬಬೇಡಿ. 1965ರಲ್ಲಿ ಹಾರ್ನ್ ಸೂಚಿಸಿದ ಪ್ಯಾರಲಲ್ ಅನಾಲಿಸಿಸ್ ಮಾಡಿ. ನಿಮ್ಮದರಷ್ಟೇ ಗಾತ್ರದ ಅಡ್ಡಾದಿಡ್ಡಿ ಅಂಕಿಗಳನ್ನು ಕಂಪ್ಯೂಟರ್ ನೂರಾರು ಸಲ ಹುಟ್ಟಿಸುತ್ತದೆ, ಅವುಗಳ ಐಗನ್ ಮೌಲ್ಯವನ್ನು ಮೀರಿದ ಕಾಂಪೊನೆಂಟುಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಅದಕ್ಕೂ ಮೊದಲು 64ನ್ನು 25ರ ಆಸುಪಾಸಿನ ಗುಂಪುಗಳಿಗೆ ಇಳಿಸಿ. 210 ಜನರಿಗೆ 64 ಅಂಕಣ ಹೆಚ್ಚಾಯಿತು. ಪಿಸಿಎಯನ್ನು ಕೋರಿಲೇಷನ್ ಮ್ಯಾಟ್ರಿಕ್ಸ್ (ಎಲ್ಲ ಆಹಾರವನ್ನೂ ಒಂದೇ ಅಳತೆಗೆ ತಂದು ಪರಸ್ಪರ ಸಂಬಂಧ ತೋರಿಸುವ ಕೋಷ್ಟಕ) ಮೇಲೆಯೇ ಮಾಡಿ, ಇಲ್ಲದಿದ್ದರೆ ನೂರಾರು ಗ್ರಾಂ ಅನ್ನದ ಎದುರು ಒಂದು ಅಪ್ಪೆಮಿಡಿ ಕಾಣುವುದೇ ಇಲ್ಲ.

ಗುಂಪಿನ ಸದಸ್ಯೆ (ಸಾಗರ)

ಮೇಡಂ, ನಡುವೆ ಬಾಯಿ ಹಾಕ್ತಿದ್ದೇನೆ. ನಮ್ಮ ಮನೆಗೂ ಹೀಗೇ ಸರ್ವೆಗೆ ಬಂದಿದ್ದರು. ಸೊಪ್ಪಿನ ಪಲ್ಯ ವಾರಕ್ಕೆ ಎಷ್ಟು ಸಲ ಅಂದರು, ಒಂದು ಸಲ ಅಂದೆ. ಆದರೆ ದಿನಾ ಮಧ್ಯಾಹ್ನ ಒಂದಲ್ಲ ಒಂದು ತಂಬುಳಿ ಆಗತ್ತೆ, ಅದನ್ನು ಕೇಳಲೇ ಇಲ್ಲ. ಒಂದೆಲಗ, ಕಾಯಿ, ಜೀರಿಗೆ, ಕಾಳುಮೆಣಸು ರುಬ್ಬಿ ಮಜ್ಜಿಗೆಗೆ ಹಾಕಿದ್ದು ಸೊಪ್ಪಿನ ಲೆಕ್ಕಕ್ಕೆ ಬರಲ್ವಾ?

ಉತ್ತರ

ಬರಬೇಕು ಅಕ್ಕ, ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು. ಬೇರೆ ಊರಿಗೆ ಮಾಡಿದ ಪ್ರಶ್ನಾವಳಿಯನ್ನು ಹಾಗೇ ತಂದರೆ ಹೀಗಾಗುತ್ತದೆ. ನಿಮ್ಮ ಮನೆ ‘ಸೊಪ್ಪು ಕಡಿಮೆ ತಿನ್ನುವ’ ಗುಂಪಿಗೆ ಸೇರಿಹೋಗಿರುತ್ತದೆ, ಆಮೇಲೆ ಎಂಥ ವಿಶ್ಲೇಷಣೆ ಮಾಡಿದರೂ ಅದು ಅಲ್ಲೇ ಉಳಿಯುತ್ತದೆ. ಆದರೆ ಅಳತೆಯೂ ಮುಖ್ಯ. ಒಂದು ಹಿಡಿ ಎಲೆ ನಾಲ್ಕು ಜನಕ್ಕೆ ಹಂಚಿಹೋಗುತ್ತದೆ, ಹಾಗಾಗಿ ತಂಬುಳಿಯನ್ನು ಪಲ್ಯದಷ್ಟೇ ಎಂದು ಎಣಿಸುವಂತಿಲ್ಲ. ನಾನಾಗಿದ್ದರೆ ತಂಬುಳಿಯನ್ನು ಪ್ರತ್ಯೇಕ ಗುಂಪಾಗಿ ಇಡುತ್ತಿದ್ದೆ.

ವಿದ್ಯಾರ್ಥಿನಿಗೆ ಒಂದು ಪ್ರಶ್ನೆ: ಯಾವ ತಿಂಗಳು ಹೋಗಿದ್ದಿರಿ? ಯಾವ ವಾರ?

ಪ್ರಶ್ನೆ ಕೇಳಿದವರು

ಜುಲೈ, ಆಗಸ್ಟ್ ಮೇಡಂ. ಕಾಲೇಜು ಇರುತ್ತಲ್ಲ, ಹೆಚ್ಚಾಗಿ ಭಾನುವಾರವೇ ಹೋಗಿದ್ದು. ತಿಂಗಳ ಪ್ರಶ್ನಾವಳಿಯ ಜೊತೆಗೆ ಹಿಂದಿನ 24 ಗಂಟೆಯ ಊಟವನ್ನೂ ಒಮ್ಮೆ ಕೇಳಿದ್ದೇನೆ. ನೀವು ಹೇಳಿದ ಹಾಗೆ 24 ಗುಂಪು ಮಾಡಿ, ತಂಬುಳಿ ಬೇರೆ ಇಟ್ಟು, ರೆಸಿಡ್ಯುಯಲ್ ತೆಗೆದು ಓಡಿಸಿದೆ. ಮೂರೇ ಕಾಂಪೊನೆಂಟು ಉಳಿದವು! ಮೊದಲನೆಯದರಲ್ಲಿ ಗಂಜಿ, ಒಣಮೀನು, ಉಪ್ಪಿನಕಾಯಿ ಪ್ಲಸ್. ಬೇಕರಿ ತಿಂಡಿ, ಹೋಟೆಲ್ ತಿಂಡಿ, ಸಕ್ಕರೆ ಹಾಕಿದ ಚಹಾ ಮೈನಸ್. ಈಗ ಪ್ಲಸ್ ಇದ್ದದ್ದನ್ನು ಆರೋಗ್ಯಕರ ಅನ್ನಬಹುದಾ? ಸಕ್ಕರೆ ಕಾಯಿಲೆಗೆ ಸಂಬಂಧ ನೋಡಬೇಕಿತ್ತು.

ಉತ್ತರ

ಈಗ ನಿಜವಾಗಿ ಊಟ ಕಾಣುತ್ತಿದೆ, ಸಂತೋಷವಾಯಿತು. ಆದರೂ ‘ಆರೋಗ್ಯಕರ’ ಬೇಡ. ಒಣಮೀನು, ಉಪ್ಪಿನಕಾಯಿಯಲ್ಲಿ ಉಪ್ಪು ಎಷ್ಟಿರುತ್ತದೆ ಯೋಚಿಸಿ. ‘ಗಂಜಿ–ಒಣಮೀನು ಮಾದರಿ’ ಎಂದು ಇದ್ದದ್ದನ್ನೇ ಬರೆಯಿರಿ. ಯಾರ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಪಿಸಿಎಗೆ ಗೊತ್ತಿಲ್ಲ, ಯಾವ ಆಹಾರ ಯಾವುದರ ಜೊತೆ ಓಡಾಡುತ್ತದೆ ಎಂದಷ್ಟೇ ಅದು ನೋಡುತ್ತದೆ. ಕಾಯಿಲೆಯ ಸಂಬಂಧ ಬೇಕಿದ್ದರೆ ಪ್ರತಿಯೊಬ್ಬರ ಸ್ಕೋರ್ (ಅವರ ಊಟ ಈ ಮಾದರಿಗೆ ಎಷ್ಟು ಹೊಂದುತ್ತದೆ ಎಂಬ ಅಂಕಿ) ತೆಗೆದು, ವಯಸ್ಸು, ದುಡಿಮೆ, ತೂಕ ಸೇರಿಸಿ ರಿಗ್ರೆಷನ್ ಮಾಡಿ. ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಅಳೆದಿದ್ದರೆ ರೆಡ್ಯೂಸ್ಡ್ ರ‍್ಯಾಂಕ್ ರಿಗ್ರೆಷನ್ ಸಹ ಇದೆ. 2004ರಲ್ಲಿ ಹಾಫ್‌ಮನ್ ಮತ್ತು ಸಂಗಡಿಗರು ಅದನ್ನು ಆಹಾರದ ಅಧ್ಯಯನಕ್ಕೆ ತಂದರು. ಆ ಅಳತೆಯಲ್ಲಿನ ವ್ಯತ್ಯಾಸವನ್ನು ಹೆಚ್ಚು ವಿವರಿಸುವ ಮಾದರಿಯನ್ನೇ ಅದು ಹುಡುಕುತ್ತದೆ. ಆದರೆ ಈಗಾಗಲೇ ಕಾಯಿಲೆ ಗೊತ್ತಾದವರು ಚಹಾಕ್ಕೆ ಸಕ್ಕರೆ ಬಿಟ್ಟಿರುತ್ತಾರೆ. ಅವರನ್ನು ಬೇರೆ ಇಡದಿದ್ದರೆ ಸಕ್ಕರೆ ಚಹಾ ಕುಡಿದರೆ ಒಳ್ಳೆಯದು ಎಂಬಂತೆ ಫಲಿತಾಂಶ ಬಂದುಬಿಡುತ್ತದೆ.

ನನಗೆ ಹೆಚ್ಚು ಚಿಂತೆ ಇರುವುದು ಕಾಲದ ಬಗ್ಗೆ. ಜುಲೈ, ಆಗಸ್ಟ್ ಅಂದರೆ ಕಳಲೆ, ಕೆಸು, ಅಣಬೆ, ಏಡಿ. ಹೊರಗೆ ಧೋ ಎಂದು ಮಳೆ, ಒಣಮೀನು ಡಬ್ಬಿಯಿಂದ ಹೊರಬರುವ ಕಾಲ. ಶ್ರಾವಣ ಹಿಡಿದ ಮನೆಗಳಲ್ಲಿ ಮೀನೇ ಇಲ್ಲ. ನಿಮ್ಮ ಮೊದಲ ಕಾಂಪೊನೆಂಟು ಮನೆಯ ರೂಢಿಯೋ, ಶ್ರಾವಣಕ್ಕೆ ಮುಂಚೆ ಕೇಳಿದ್ದೋ ಆಮೇಲೆ ಕೇಳಿದ್ದೋ ಎಂಬ ವ್ಯತ್ಯಾಸವೋ? ಸಂದರ್ಶನದ ತಾರೀಖು ನಿಮ್ಮ ಬಳಿ ಇದೆ, ಅದರ ಎದುರು ಸ್ಕೋರ್ ಗುರುತುಹಾಕಿ ನೋಡಿ. 24 ಗಂಟೆಯ ವಿವರಕ್ಕೂ ಇದೇ ತೊಂದರೆ. ಭಾನುವಾರ ಹೋಗಿ ಕೇಳಿದರೆ ಶನಿವಾರದ ಊಟ ಸಿಗುತ್ತದೆ, ಶನಿವಾರ ಬಹಳ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಕೆಲವರಿಗಾದರೂ ಬೇಸಿಗೆಯಲ್ಲಿ, ಬೇರೆ ವಾರದಂದು ಎರಡನೇ ಸಲ ಕೇಳಿ. ಒಬ್ಬರದೇ ಊಟ ದಿನದಿಂದ ದಿನಕ್ಕೆ ಎಷ್ಟು ಬದಲಾಗುತ್ತದೆ ಎಂದು ಗೊತ್ತಾಗದೆ ಜನರ ನಡುವಿನ ವ್ಯತ್ಯಾಸವನ್ನು ಬೇರ್ಪಡಿಸಲು ಬರುವುದಿಲ್ಲ.

ಮತ್ತೊಂದು, ಒಂದೇ ಮನೆಯಿಂದ ಇಬ್ಬರು ಮೂವರನ್ನು ಕೇಳಿದ್ದೀರಾ? ಒಂದೇ ಪಾತ್ರೆಯ ಸಾರು ಉಂಡವರನ್ನು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಬೇಡಿ. ಮನೆಗೊಬ್ಬರನ್ನು ಚೀಟಿ ಎತ್ತಿ ಆರಿಸಿ, ಅವರನ್ನಷ್ಟೇ ಇಟ್ಟುಕೊಂಡು ಮತ್ತೆ ಓಡಿಸಿ. ಆ ಮೂರೂ ಮತ್ತೆ ಬಂದರೆ ಲೋಡಿಂಗ್ ಪಟ್ಟಿಯನ್ನು ಇಲ್ಲೇ ಹಾಕಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.