ಪದಚರ್ಚೆ: ನಕ್ಷೆ ಮುಚ್ಚುವ ಕಪ್ಪಿಗೆ ಏನನ್ನಬೇಕು? (ಸಂಜೆಯೊಳಗೆ ಬೇಕು)

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ಐದು ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು. ಒಂದೇ ಪದಕ್ಕೆ ನಿಂತಿದೆ.

ನಾವು ಕೆಲವರು ಭಾನುವಾರ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ದಾಳ ಉರುಳಿಸುತ್ತಾ ಕತೆ ಕಟ್ಟುವ ಆಟ, 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಕಾಗದದ ನಕ್ಷೆ ಬಿಟ್ಟು ಈಗ 43 ಇಂಚಿನ ಟಿವಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ್ದೇವೆ, ಅದರ ಮೇಲೊಂದು ಅಕ್ರಿಲಿಕ್ ಹಾಳೆ. ಒಂದಿಂಚಿನ ಚೌಕ ಅಂದರೆ ಆಟದಲ್ಲಿ ಐದು ಅಡಿ. ಟಿವಿಯ ಅಗಲ ಮೂವತ್ತೇಳೂವರೆ ಇಂಚು, ಅಡ್ಡಕ್ಕೆ 1920 ಪಿಕ್ಸೆಲ್. ಚೌಕಕ್ಕೆ 51 ಪಿಕ್ಸೆಲ್ ಇಟ್ಟರೆ ಆಟಗಾರರ ಪಾತ್ರದ ಗೊಂಬೆ ಸರಿಯಾಗಿ ಕೂರುತ್ತದೆ.

ಆಟ ನಡೆಸುವವರ ಲ್ಯಾಪ್‌ಟಾಪಿನಲ್ಲಿ ಇಡೀ ನಕ್ಷೆ ಕಾಣುತ್ತದೆ. ಟಿವಿಯಲ್ಲಿ ಕಾಣುವುದು ಆಟಗಾರರು ಕಾಲಿಟ್ಟ ಜಾಗ ಮಾತ್ರ, ಉಳಿದದ್ದೆಲ್ಲ ಕಪ್ಪು. ಬಾಗಿಲು ತೆಗೆದರೆ ಆ ಕೋಣೆಯಷ್ಟು ಕಪ್ಪು ಸರಿಯುತ್ತದೆ. ಇದಕ್ಕೆ ಫಾಗ್ ಆಫ್ ವಾರ್ ಅನ್ನುತ್ತಾರೆ. ಬೋರ್ಡಿನ ಸಾಲು: ‘ಇಲ್ಲಿ ____ ಸರಿಸಿ ಆಡಿ’. ‘ಯುದ್ಧದ ಮಂಜು’ ದಯವಿಟ್ಟು ಬೇಡ.

ಕುಮಟಾದಿಂದ:
ಯಾಕೆ ಬೇಡ? ಯುದ್ಧದಲ್ಲಿ ಮುಕ್ಕಾಲು ಪಾಲು ಸಂಗತಿ ಮಂಜಿನಲ್ಲೇ ಮುಚ್ಚಿರುತ್ತದೆ ಎಂದವನು ಪ್ರಷ್ಯಾದ ಸೇನಾಧಿಕಾರಿ ಕ್ಲಾಸವಿಟ್ಸ್. ಹೋಲಿಕೆಗೆ ಅರ್ಥ ಇದೆ. ಮಂಜು ಬೆಳ್ಳಗೆ, ನಿಮ್ಮದು ಕಪ್ಪು ಅನ್ನುವುದಾದರೆ ಕತ್ತಲೆ ಅನ್ನುವ ಅರ್ಥದ ‘ಕಾವಳ’ ಇದೆಯಲ್ಲ.

ಶಿರಸಿಯಿಂದ:
ಕಾವಳ ಅಂದರೆ ಹುಡುಗರು ಕಾಳು ಅಂದುಕೊಂಡು ಹೆಕ್ಕಲು ಕೂರುತ್ತಾರೆ.

ಹೊನ್ನಾವರದಿಂದ:
ತೆರೆ. ಇದರಲ್ಲಿ ಚರ್ಚೆ ಏನಿದೆ? ಯಕ್ಷಗಾನದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಬಣ್ಣದ ವೇಷ ಹಿಂದೆ ಕುಣಿಯುತ್ತಾ ಚೂರು ಚೂರೇ ಮುಖ ತೋರಿಸುತ್ತದೆ. ನಿಮ್ಮ ಟಿವಿ ಮಾಡುವುದೂ ಅದೇ. ಆಟ ನಡೆಸುವವರಿಗೆ ಭಾಗವತರು ಅನ್ನಿ, ಅದೂ ಮುಗಿಯಿತು.

ಕಾರವಾರದಿಂದ:
ತೆರೆ ಅಂದರೆ ಕಡಲಿನದು. ಟಾಗೋರ್ ಬೀಚಿನಲ್ಲಿ ‘ತೆರೆ ಸರಿಸಿ ಆಡಿ’ ಅಂತ ಬೋರ್ಡು ಹಾಕಿ ನೋಡಿ, ಯಾರಾದರೂ ಮುಳುಗುತ್ತಾರೆ. ಸುಮ್ನೆ ‘ಪರದೆ’ ಅನ್ನಿ.

ಯಲ್ಲಾಪುರದಿಂದ:
ಪರದೆ ಪಾರಸಿ. ನಮ್ಮದೇ ಇರುವಾಗ ಸಾಲ ಯಾಕೆ? ಇನ್ನು ತೆರೆ. ತೆರೆಯುವ ಕ್ರಿಯೆಗೂ ಈ ತೆರೆಗೂ ಸಂಬಂಧ ಕಲ್ಪಿಸಬೇಡಿ. ಮೊದಲನೆಯದು ತೆಱೆ, ಶಕಟರೇಫ, ಅಂದರೆ ಹಳಗನ್ನಡದ ಱ ಅಕ್ಷರ. ತಮಿಳಿನಲ್ಲಿ ತಿಱ ಬೇರೆ, ತಿರೈ ಬೇರೆ. ಅಲೆ, ಪರದೆ ಎರಡೂ ತಿರೈ. ನಾವು ಱ ಕಳೆದುಕೊಂಡಿದ್ದಕ್ಕೇ ಈ ಗೊಂದಲ.

ಶಿರಸಿಯಿಂದ:
ಫ್ಲೆಕ್ಸ್ ಅಂಗಡಿಯವರ ಫಾಂಟಿನಲ್ಲಿ ಱ ಇಲ್ಲ. ನಾಲ್ಕಾಯಿತು.

ಕಾರವಾರದಿಂದ:
ಪಾರಸಿ ಬೇಡವಾದರೆ ಜಮೀನೂ ಬಿಡಿ. ಪೋರ್ಚುಗೀಸ್ ಬೇಡವಾದರೆ ಚಾವಿ, ಇಸ್ತ್ರಿ ಬಿಡಿ. ಆ ಟಿವಿ ಮಲಗಿದೆಯಲ್ಲ, ಆ ಮೇಜೂ ಅವರದ್ದೇ.

ಯಲ್ಲಾಪುರದಿಂದ:
ಮೇಜು ಪಾರಸಿಯ ಮೇಜ್. ಪೋರ್ಚುಗೀಸರದು ಮೇಸ.

ಕಾರವಾರದಿಂದ:
ಬರೆಯುವುದು ಮೇಸ, ಉಚ್ಚಾರ ಮೇಜ. ಗೋವಾ ನಮ್ಮ ಪಕ್ಕದ್ದು, ನಿಮ್ಮದಲ್ಲ.

ಸಿದ್ದಾಪುರದಿಂದ:
ಪಾಪ, ಕೇಳಿದವರಿಗೆ ಪದ ಕೊಡಿ ಮಾರಾಯ್ರೆ. ನಾವು ಪ್ರೊಜೆಕ್ಟರನ್ನು ಅಟ್ಟದ ತೊಲೆಗೆ ಕಟ್ಟಿ ಕೆಳಮುಖವಾಗಿ ಬಿಟ್ಟು ಆಡಿದ್ದೇವೆ. ಮೇಲಿನಿಂದ ಬೆಳಕು ಬಿದ್ದರೆ ಗೊಂಬೆಯ ತಲೆಯ ಮೇಲೂ ನಕ್ಷೆ, ದಾಳಕ್ಕೆ ಕೈ ಚಾಚಿದರೆ ಅರ್ಧ ಕೋಟೆ ನೆರಳು. ಟಿವಿಯಲ್ಲಿ ಈ ರಗಳೆ ಇಲ್ಲ. ಆದರೆ ಒಂದು ತಿಳಿಯಿತು. ಪ್ರೊಜೆಕ್ಟರು ಕಪ್ಪನ್ನು ಬಿಡಲಾರದು. ಅಲ್ಲಿ ಬೆಳಕು ಬೀಳುವುದಿಲ್ಲ, ಅಷ್ಟೇ. ಮೇಲೆ ಹೊದಿಸಿದ್ದು ಏನೂ ಇಲ್ಲ. ತೆರೆ, ಮುಸುಕು, ಪರದೆ ಎಲ್ಲವೂ ಬಟ್ಟೆ. ‘ಮರೆ’ಗೆ ಬಟ್ಟೆ ಬೇಕಾಗಿಲ್ಲ, ಗಿಡದ ಮರೆಯೂ ಮರೆಯೇ. ಮರೆಯಲ್ಲಿದೆ, ಮರೆ ಸರಿಯಿತು, ಎಲ್ಲ ಕಡೆ ಹೊಂದುತ್ತದೆ.

ಯಲ್ಲಾಪುರದಿಂದ:
ಅದೂ ಮಱೆ. ಶಕಟರೇಫವೇ.

ಶಿರಸಿಯಿಂದ:
‘ಮರೆ’ ಕಳಿಸಿದೆ. ಧನ್ಯವಾದ. ಅಂಗಡಿಯವರು ಮೊದಲು ‘ಮರ ಸರಿಸಿ ಆಡಿ’ ಅಂತ ಹೊಡೆದಿದ್ದರು, ತಿದ್ದಿಸಿದ್ದೇನೆ. ಭಾಗವತರು ಬೇಡ. ಅವರಿಗೆ ಪ್ರಸಂಗದ ಕೊನೆ ಗೊತ್ತಿರುತ್ತದೆ, ನಮ್ಮವರಿಗೆ ದಾಳ ಬೀಳುವ ತನಕ ಗೊತ್ತಿರುವುದಿಲ್ಲ.

ಹೊನ್ನಾವರದಿಂದ:
ನೀವು ಒಳ್ಳೆಯ ಭಾಗವತರನ್ನು ಕೇಳಿಲ್ಲ.

ಕಾರವಾರದಿಂದ:
ಮೇಜ. ಉತ್ತರ ಬಂದಿಲ್ಲ.